ಕಲ್ಲಿನ ಹಿಂದೆ ಇವೆ, ನಂಬಿ

ನಾಯಿ ಸಾಕಿದವರು ಮನೆಗೆ ಬಂದವರಿಗೆ ನಾಯಿ ತೋರಿಸುತ್ತಾರೆ. ಬೆಕ್ಕು ಸಾಕಿದವರ ಮನೆಯಲ್ಲಿ ಬೆಕ್ಕು ಬಂದವರನ್ನು ನೋಡಿ ಮುಖ ತಿರುಗಿಸುತ್ತದೆ, ದರ್ಶನವಂತೂ ಆಗುತ್ತದೆ. ನಾನು ಸಿಗಡಿ ಸಾಕಿದ್ದೇನೆ. ಬಂದವರಿಗೆ ಕಲ್ಲು ತೋರಿಸುತ್ತೇನೆ. "ಅದರ ಹಿಂದೆ ಇವೆ" ಎನ್ನುತ್ತೇನೆ. ಅವರು ಬಗ್ಗಿ ನೋಡುತ್ತಾರೆ, ಕನ್ನಡಕ ಏರಿಸಿ ಮತ್ತೊಮ್ಮೆ ನೋಡುತ್ತಾರೆ, ಕೊನೆಗೆ ನನ್ನ ಮುಖ ನೋಡಿ "ಚೆನ್ನಾಗಿದೆ" ಎನ್ನುತ್ತಾರೆ. ಏನು ಚೆನ್ನಾಗಿದೆ ಎಂದು ಅವರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ತೀರ್ಥಹಳ್ಳಿಯಲ್ಲಿ ತುಂಗೆಯ ದಂಡೆಯ ಮೇಲೆ ಹುಟ್ಟಿ ಬೆಳೆದವನು ಅಹಮದಾಬಾದಿಗೆ ಬಂದು ನೀರು, ಕಲ್ಲು ನೋಡಲು ದುಡ್ಡು ಕೊಡಬೇಕಿತ್ತೇ ಎಂದು ಕೇಳುವವಳು ನನ್ನ ಹೆಂಡತಿ ಒಬ್ಬಳೇ.

ಇವು ಚೆರ್ರಿ ಸಿಗಡಿಗಳು. ಮೂಲ ಪೂರ್ವ ಚೀನಾ, ತೈವಾನ್ ಕಡೆಯ ಹಳ್ಳಕೊಳ್ಳ. ಅಲ್ಲಿ ಅವುಗಳ ಮೈ ಕಂದು, ಬೂದು, ಕೆಲವೊಮ್ಮೆ ಆಚೆಬದಿಯ ಎಲೆ ಕಾಣುವಷ್ಟು ತಿಳಿ. ಸಾಕುವವರು ಕೆಂಪು ಛಾಯೆಯವನ್ನು ಆರಿಸಿ, ಅವುಗಳ ಮರಿಗಳಲ್ಲಿ ಇನ್ನೂ ಕೆಂಪಾದವನ್ನು ಆರಿಸಿ, ತಲೆಮಾರುಗಳ ಮೇಲೆ ಈ ಕುಂಕುಮದ ಬಣ್ಣ ತರಿಸಿದ್ದಾರೆ. ಪೂರ್ತಿ ಬೆಳೆದರೂ ಒಂದಂಗುಲದ ಆಸುಪಾಸು, ಆಯುಸ್ಸು ಒಂದೆರಡು ವರ್ಷ. ಇಷ್ಟು ಬಣ್ಣ ಮಾಡಿಸಿಕೊಂಡು ಬಂದು ಕಲ್ಲಿನ ಹಿಂದೆ ಅಡಗುವುದೆಂದರೆ ಧರ್ಮಾವರಂ ಸೀರೆ ಉಟ್ಟು ಮದುವೆ ಮನೆಯ ಉಗ್ರಾಣದಲ್ಲಿ ಕೂತ ಹಾಗೆ. ಮನೆಯೊಳಗಿನ ಗಾಜಿನ ತೊಟ್ಟಿಗೆ ಪಾಚಿ ತಿನ್ನಲೆಂದು ಸಿಗಡಿ ಬಿಡುವ ರೂಢಿಯನ್ನು 1980ರ ದಶಕದಲ್ಲಿ ಹಬ್ಬಿಸಿದವರು ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ. ಅವರ ಹೆಸರಿನದೇ ಒಂದು ಜಾತಿ ಸಿಗಡಿ ಇದೆ. ಅಂಥ ಟ್ಯಾಂಕುಗಳ ಫೋಟೋ ನೋಡಿ ನಾನು ಮರುಳಾದೆ. ಫೋಟೋದಲ್ಲಿ ಸಿಗಡಿ ಎಲೆಯ ತುದಿಯಲ್ಲಿ ಕೂತಿರುತ್ತದೆ. ಅದಕ್ಕೆ ಮುಂಚೆ ಫೋಟೋ ತೆಗೆಯುವವನು ಎಷ್ಟು ಹೊತ್ತು ಕೂತಿದ್ದ ಎಂಬುದು ಫೋಟೋದಲ್ಲಿ ಬರುವುದಿಲ್ಲ.

ನೀರಿನ ಜೀವಿ ಎಂದರೆ ಧೈರ್ಯಸ್ಥ ಎಂಬ ಕಲ್ಪನೆ ನನಗೆ ಬಂದದ್ದು ಶೃಂಗೇರಿಯಿಂದ. ಅಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಚೆಲ್ಲಿದರೆ ದೇವರ ಮೀನುಗಳು ಒಂದರ ಮೇಲೊಂದು ಬಿದ್ದು ಬರುತ್ತವೆ, ಮೆಟ್ಟಿಲನ್ನೇ ಹತ್ತಿ ಬರುವ ಹಾಗೆ ಬಾಯಿ ಬಿಡುತ್ತವೆ. ಹಿಡಿಯುವವರಿಲ್ಲದ ಊರಿನ ಮೀನಿಗೂ ಎಲ್ಲರೂ ಹಿಡಿಯುವ ಜಾತಿಯ ಸಿಗಡಿಗೂ ವ್ಯತ್ಯಾಸವಿರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ಕೇಳುತ್ತಿದ್ದೆನೋ ಇಲ್ಲವೋ, ಹೇಳಲು ಯಾರೂ ಇರಲಿಲ್ಲ.

ಸಿಗಡಿ ಕಾಣದಿದ್ದರೆ ಏನು ಮಹಾ ಎಂದು ಬೆಂಗಳೂರಿನಲ್ಲಿದ್ದವರು ಕೇಳಬಹುದು. ನಾವಿರುವುದು ಅಹಮದಾಬಾದಿನ ಪಾಲ್ಡಿಯಲ್ಲಿ, ಸುತ್ತಮುತ್ತ ಜೈನರೇ ಹೆಚ್ಚು. ಇಲ್ಲಿ ಬಾಡಿಗೆಗೆ ಮನೆ ಕೊಡುವಾಗ ಮಾಲೀಕರು ಸಂಬಳ ಎಷ್ಟು ಎಂದು ಕೇಳುವ ಮೊದಲು ಊಟ ಏನು ಎಂದು ಕೇಳುತ್ತಾರೆ. ಹೆಂಡತಿಯ ಊರು ಉಡುಪಿ ಎಂದೊಡನೆ ಅವರ ಮುಖ ಅರಳಿತು. ಉಡುಪಿ ಎಂದರೆ ಹೋಟೆಲ್, ಹೋಟೆಲ್ ಎಂದರೆ ಇಡ್ಲಿ, ಇಡ್ಲಿ ಎಂದರೆ ಈರುಳ್ಳಿಯೂ ಇಲ್ಲದ ಪರಿಶುದ್ಧ ವಸ್ತು. ಉಡುಪಿಗೆ ಹತ್ತಿಕೊಂಡೇ ಮಲ್ಪೆ ಎಂಬ ಬಂದರು ಉಂಟು ಎನ್ನುವ ಸುದ್ದಿ ಪಾಲ್ಡಿಗೆ ಇನ್ನೂ ತಲುಪಿಲ್ಲ. ತಲುಪಿಸುವ ಕೆಲಸ ನಮ್ಮದಲ್ಲ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ಅಂಥ ಸೊಸೈಟಿಯ ಗೇಟಿನಲ್ಲಿ ನಾನು ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಕೊಟ್ಟೆ ಹಿಡಿದು ಇಳಿದೆ. ವಾಚ್‌ಮನ್ ಏನೆಂದು ಕೇಳಿದ. ನನ್ನ ಗುಜರಾತಿಯಲ್ಲಿ ನಾಮಪದಗಳು ಧಾರಾಳ, ಕ್ರಿಯಾಪದಗಳದ್ದೇ ಕೊರತೆ. "ಝೀಂಗಾ" ಎಂದೆ. ಅವನ ಕಣ್ಣು ದೊಡ್ಡದಾಯಿತು. "ದಸ್" ಎಂದು ಸೇರಿಸಿದೆ. ಸಾಕಲು, ನೋಡಲು, ಮಗಳಿಗೆ ವಿಜ್ಞಾನ ಕಲಿಸಲು ಎಂಬುದಕ್ಕೆಲ್ಲ ಕ್ರಿಯಾಪದ ಬೇಕಿತ್ತು. ಲಿಫ್ಟ್ ಮೂರನೇ ಮಹಡಿ ತಲುಪುವ ಹೊತ್ತಿಗೆ ಸುದ್ದಿ ಐದನೆಯದಕ್ಕೆ ಹೋಗಿ ಕೆಳಗಿಳಿಯುತ್ತಿತ್ತು.

ಸಂಜೆ ಸೊಸೈಟಿಯ ಸೆಕ್ರೆಟರಿ ಬಂದರು. ಸಜ್ಜನರು, ಮೆಲುದನಿಯವರು. ಕೂತು, ನೀರು ಕುಡಿದು, "ಭಾಯ್, ಝೀಂಗಾ ಬಂದಿವೆಯಂತೆ" ಎಂದರು. "ಸಾಕಲು" ಎಂದೆ, ಮಗಳ ಸಹಾಯದಿಂದ. "ಹಾಗಾದರೆ ತೋರಿಸಿ." ಕರೆದುಕೊಂಡು ಹೋದೆ. ನೀರಿತ್ತು, ಕಲ್ಲಿತ್ತು, ಒಂದು ಹಿಡಿ ಜಾವಾ ಪಾಚಿ ಇತ್ತು, ಫಿಲ್ಟರಿನಿಂದ ಗುಳ್ಳೆ ಬರುತ್ತಿತ್ತು. ಸೆಕ್ರೆಟರಿ ಎಡಗಡೆಯಿಂದ ನೋಡಿದರು, ಬಲಗಡೆಯಿಂದ ನೋಡಿದರು. "ಬೆಳಿಗ್ಗೆ ಹತ್ತು ಬಂದವು ಎಂದು ವಾಚ್‌ಮನ್ ಹೇಳಿದ." "ಹತ್ತೂ ಇವೆ." "ಎಲ್ಲಿ?" "ಕಲ್ಲಿನ ಹಿಂದೆ." ಸರಿಯಾಗಿ ಆ ಹೊತ್ತಿಗೆ ಅಡುಗೆಮನೆಯಲ್ಲಿ, ಊರಿನಿಂದ ಬಂದಿದ್ದ ನಮ್ಮ ಅತ್ತೆ ಬ್ಯಾಡಗಿ ಮೆಣಸು, ಕೊತ್ತಂಬರಿ, ತೆಂಗಿನಕಾಯಿ ಹುರಿಯುತ್ತಿದ್ದರು. ಹುರಿದದ್ದು ಬದನೆಕಾಯಿಗೆ. ಆದರೆ ಪರಿಮಳಕ್ಕೆ ತರಕಾರಿಯ ಹೆಸರು ಬರೆದಿರುವುದಿಲ್ಲವಲ್ಲ. ಸೆಕ್ರೆಟರಿ ಖಾಲಿ ಟ್ಯಾಂಕನ್ನು ಒಮ್ಮೆ ನೋಡಿದರು, ಅಡುಗೆಮನೆಯ ಬಾಗಿಲನ್ನು ಒಮ್ಮೆ ನೋಡಿದರು, "ಮತ್ತೊಮ್ಮೆ ಬರುತ್ತೇನೆ" ಎಂದು ಎದ್ದರು.

ಅಂದಿನಿಂದ ನನ್ನ ಸಿಗಡಿಗಳು ಬರೀ ಸಿಗಡಿಗಳಾಗಿ ಉಳಿಯಲಿಲ್ಲ, ನನ್ನ ಪರ ಹೇಳಬೇಕಾದ ಸಾಕ್ಷಿಗಳಾದವು. ಸಾಕ್ಷಿಗಳು ನಾಪತ್ತೆ.

ಅತ್ತೆಯವರಿಂದ ಸಹಾಯ ನಿರೀಕ್ಷಿಸಿದ್ದೆ. ಕಡಲ ತಡಿಯವರು, ಸಿಗಡಿಯ ಮನಸ್ಸು ಬಲ್ಲವರು. ಅವರು ಟ್ಯಾಂಕಿನ ಮುಂದೆ ಕುರ್ಚಿ ಹಾಕಿ ಕೂತು, ಅರ್ಧ ಗಂಟೆ ನೋಡಿ, "ಅಳಿಯಂದಿರೇ, ಇದು ಇನ್ನು ಎಷ್ಟು ದೊಡ್ಡದಾಗ್ತದೆ?" ಎಂದು ಕೇಳಿದರು. "ಇಷ್ಟೇ ಅತ್ತೆ." "ಇಷ್ಟೆಯಾ?" ಸ್ವಲ್ಪ ಯೋಚಿಸಿದರು. "ಹಾಗಾದ್ರೆ ಒಣಗಿಸಿದ್ರೆ ಚಟ್ನಿಗೆ ಆದೀತು." ಅವರಿಗೆ ಸಿಗಡಿಗಳು ಕಂಡವೇ ಎಂದು ಕೇಳುವುದನ್ನು ಆ ಗಾಬರಿಯಲ್ಲಿ ಮರೆತೆ. ಕಂಡಿದ್ದವು. ಅರ್ಧ ಗಂಟೆಯೂ ಕಂಡಿದ್ದವು. ಇದು ನನಗೆ ಆಮೇಲೆ ತಿಳಿಯಿತು.

ಸಿಗಡಿಯ ಜಾಗದಲ್ಲಿ ನಿಂತು ಲೋಕ ನೋಡಿದರೆ ಅದರ ಮೇಲೆ ಸಿಟ್ಟು ಬರುವುದಿಲ್ಲ. ಮೀನು ತಿನ್ನುತ್ತದೆ, ಕಪ್ಪೆ ತಿನ್ನುತ್ತದೆ, ಏರೋಪ್ಲೇನ್ ಚಿಟ್ಟೆಯ ಮರಿ ನೀರಿನಲ್ಲೇ ಇದ್ದುಕೊಂಡು ತಿನ್ನುತ್ತದೆ, ಬೆಳ್ಳಕ್ಕಿ ದಡದಿಂದ ತಿನ್ನುತ್ತದೆ, ಉಡುಪಿಯ ನಮ್ಮ ಅತ್ತೆ ಒಣಗಿಸಿ ತಿನ್ನುತ್ತಾರೆ. ಇಷ್ಟು ವೈರಿಗಳ ಎದುರು ಚೆರ್ರಿ ಸಿಗಡಿಗೆ ಕಚ್ಚುವ ಬಾಯಿಲ್ಲ, ವಿಷವಿಲ್ಲ, ಹೇಳಿಕೊಳ್ಳುವಂಥ ಕೊಂಡಿಯೂ ಇಲ್ಲ. ಇರುವುದು ಒಂದೇ ವಿದ್ಯೆ: ಬಾಲವನ್ನು ಹೊಟ್ಟೆಯ ಕಡೆಗೆ ಝಾಡಿಸಿ ಹಿಮ್ಮುಖವಾಗಿ ಹಾರುವುದು. ಮುಂದೆ ಹೋಗುವುದು ಕಾಲಿನಿಂದ ನಿಧಾನ. ಪಾರಾಗುವುದು ಬಾಲದಿಂದ, ಕಣ್ಣನ್ನು ಶತ್ರುವಿನ ಮೇಲೇ ಇಟ್ಟುಕೊಂಡು. ಇದರ ನೆಂಟ ಕ್ರೇಫಿಶ್‌ನಲ್ಲಿ ಈ ಕೆಲಸಕ್ಕೆಂದೇ ದಪ್ಪನೆಯ ನರಗಳಿವೆ. ಅಪಾಯ ಮುಟ್ಟಿದ ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಬಾಲಕ್ಕೆ ಆಜ್ಞೆ ಹೋಗಿಬಿಡುತ್ತದೆ. ಕಡತ ಮೇಲಿನವರಿಗೆ ಹೋಗಿ ಸಹಿಯಾಗಿ ಬರುವ ಪದ್ಧತಿ ಇಲ್ಲ. ಮೇಲಾಗಿ, ತೊಟ್ಟಿನ ತುದಿಯಲ್ಲಿರುವ ಆ ಕಣ್ಣುಗಳು ರೂಪ ನೋಡುವುದರಲ್ಲಿ ಸಾಧಾರಣ, ಅಲುಗಾಟ ಹಿಡಿಯುವುದರಲ್ಲಿ ಗಟ್ಟಿ. ಎಂದರೆ ಅವು ಹೆದರುವುದು ನನ್ನ ಮುಖಕ್ಕಲ್ಲ, ನಾನು ಮಾತಾಡುವಾಗ ಬೀಸುವ ಕೈಗೆ. ಈ ಭಾಗವನ್ನು ಹೆಂಡತಿಗೆ ಎರಡು ಸಲ ಓದಿ ಹೇಳಿದೆ. ಕೈ ಬೀಸಿಕೊಂಡೇ ಹೇಳಿದೆನಂತೆ.

ಮೊದಲು ನಾನು ಕಲ್ಲನ್ನೇ ತೆಗೆದೆ. ಅಡಗಲು ಜಾಗವಿಲ್ಲದಿದ್ದರೆ ಎಲ್ಲಿಗೆ ಹೋಗುತ್ತವೆ? ಫಿಲ್ಟರಿನ ಹಿಂದಕ್ಕೆ ಹೋದವು. ಆಮೇಲೆ ಅಲ್ಲಿಂದ ಕಾಲು ಹೊರಗಿಡಲಿಲ್ಲ. ಸಿಗಡಿ ಸಾಕುವವರ ಶಾಸ್ತ್ರ ನಮ್ಮ ಬುದ್ಧಿಗೆ ತಿರುವುಮುರುವು: ಅವು ಕಾಣಬೇಕಾದರೆ ಅಡಗಲು ಹೆಚ್ಚು ಜಾಗ ಕೊಡಬೇಕು. ನಾಲ್ಕು ಹೆಜ್ಜೆಗೊಂದು ಮರೆ ಇದ್ದರೆ ಅವು ಧೈರ್ಯವಾಗಿ ಬಯಲಿಗೆ ಬರುತ್ತವೆ. ಹತ್ತಕ್ಕಿಂತ ಇಪ್ಪತ್ತು ಇದ್ದರೆ ಇನ್ನೂ ಧೈರ್ಯ. ಹೊಸ ಟ್ಯಾಂಕಿನಲ್ಲಿ ವಾರಗಟ್ಟಲೆ ಸಂಕೋಚ, ಯಾಕೆಂದರೆ ಗಾಜಿನ ಮೇಲೆ, ಎಲೆಯ ಮೇಲೆ ಕಟ್ಟಿಕೊಳ್ಳುವ ಸೂಕ್ಷ್ಮಜೀವಿಗಳ ಲೋಳೆಪದರವೇ ಅವುಗಳ ನಿತ್ಯದ ಊಟ, ಅದು ಕಟ್ಟಲು ಸಮಯ ಬೇಕು; ಮಲಿನವನ್ನು ಅರಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕಾರು ವಾರ ಬೇಕು. ಹಾಗಾಗಿ ಕಾಣುವುದಕ್ಕೋಸ್ಕರ ನಾನು ಕಲ್ಲನ್ನು ವಾಪಸ್ ಇಟ್ಟು, ಇನ್ನಷ್ಟು ಮರೆಗಳನ್ನು ಸೇರಿಸತೊಡಗಿದೆ. ಅತ್ತೆ ಕಾಯಿ ತುರಿದ ಚಿಪ್ಪನ್ನು ತೂತು ಮಾಡಿ ಕವುಚಿಹಾಕಿದೆ. ಪಾಲ್ಡಿಯ ರಸ್ತೆಬದಿಯ ಕಾಡುಬಾದಾಮಿ ಮರದ ಒಣ ಎಲೆ ಆರಿಸಿ ತಂದೆ. ಅದರ ಕಂದು ರಸದಿಂದ ನೀರಿಗೆ ಚಹಾದ ಬಣ್ಣ ಬರುತ್ತದೆ, ಬೆಳಕು ತಗ್ಗುತ್ತದೆ, ಸಿಗಡಿ ನಿರುಮ್ಮಳವಾಗುತ್ತದೆ. ಈಗ ಟ್ಯಾಂಕಿನಲ್ಲಿ ಸಿಗಡಿ ಮಾತ್ರವಲ್ಲ, ಆಚೆಬದಿಯ ಗೋಡೆಯೂ ಕಾಣುತ್ತಿರಲಿಲ್ಲ.

ಅಂಗಡಿಯವನ ಮಾತು ಕೇಳಿ ಧೈರ್ಯ ಹೇಳಲೆಂದು ಎರಡು ಗಪ್ಪಿ ಮೀನು ಬಿಟ್ಟದ್ದೂ ಉಂಟು. "ಚಿಕ್ಕ ಬಾಯಿಯ ಮೀನು, ಏನೂ ಮಾಡುವುದಿಲ್ಲ" ಎಂದಿದ್ದ. ನಿಜ, ದೊಡ್ಡ ಸಿಗಡಿಗೆ ಏನೂ ಮಾಡುವುದಿಲ್ಲ. ಮರಿ ಸಿಗಡಿ ಅದರ ಬಾಯಿಗೆ ಸರಿಯಾಗಿ ಹೊಂದುತ್ತದೆ, ಈ ಲೆಕ್ಕ ಎಲ್ಲ ಸಿಗಡಿಗಳಿಗೂ ಹುಟ್ಟಿನಿಂದಲೇ ಗೊತ್ತು. ಗಪ್ಪಿಗಳು ಈಗ ಬಾಲ್ಕನಿಯ ಬಕೆಟ್ಟಿನಲ್ಲಿ ಸೊಳ್ಳೆ ಮರಿ ತಿಂದುಕೊಂಡು ನಮ್ಮ ಮನೆಯ ಏಕೈಕ ಉಪಯುಕ್ತ ಪ್ರಾಣಿಗಳಾಗಿವೆ.

ಒಂದು ಬೆಳಿಗ್ಗೆ ಟ್ಯಾಂಕಿನ ತಳದಲ್ಲಿ ಒಂದು ಸಿಗಡಿ ಬಿಳಿಚಿ ಬಿದ್ದಿತ್ತು. ಮೀಸೆ, ಕಾಲು, ಬಾಲ ಎಲ್ಲ ಸರಿಯಾಗಿತ್ತು, ಜೀವ ಮಾತ್ರ ಇರಲಿಲ್ಲ. ಎದುರುಮನೆಯ ಬೇನ್ ಆಗಷ್ಟೇ ದೇರಾಸರದಿಂದ, ಅಂದರೆ ಜೈನ ಬಸದಿಯಿಂದ, ಬಂದಿದ್ದರು. ಅವರ ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ, ಕುದಿಸಿ ಕುಡಿಯುತ್ತಾರೆ. ಕಣ್ಣಿಗೆ ಕಾಣದ ಜೀವಕ್ಕೂ ಮರುಗುವವರು ಕಣ್ಣೆದುರು ಬಿದ್ದ ಜೀವಕ್ಕೆ ಮರುಗದಿರುತ್ತಾರೆಯೇ? ಕೈಮುಗಿದು ನಿಂತು ನವಕಾರ ಮಂತ್ರ ಹೇಳಿದರು. ನಾವೂ ತಲೆತಗ್ಗಿಸಿ ನಿಂತೆವು. ಮಂತ್ರ ಮುಗಿಯುವ ಹೊತ್ತಿಗೆ ಚಿಪ್ಪಿನ ಕೆಳಗಿನಿಂದ ಇನ್ನೊಂದು ಸಿಗಡಿ ಬಂದು ತೀರಿಹೋದದ್ದರ ಕಾಲು ಮುರಿದು ತಿನ್ನತೊಡಗಿತು. ಬೇನ್ ಕಣ್ಣು ಮುಚ್ಚಿಕೊಂಡರು.

ಅದು ಶವವಾಗಿರಲಿಲ್ಲ, ಕಳಚಿಟ್ಟ ಕವಚ. ಬೆಳೆದ ಸಿಗಡಿ ಮೂರು ನಾಲ್ಕು ವಾರಕ್ಕೊಮ್ಮೆ ಹಳೆಯ ಕವಚದ ಬೆನ್ನು ಒಡೆದು ಒಂದೇ ಏಟಿಗೆ ಹೊರಗೆ ಜಿಗಿಯುತ್ತದೆ. ಹೊಸ ಮೈ ಮೆತ್ತಗೆ, ಕಾಲೂರಲೂ ಆಗದಷ್ಟು. ಅದು ಗಟ್ಟಿಯಾಗುವ ತನಕ ಯಾರ ಕಣ್ಣಿಗೂ ಬೀಳದಿರುವುದು ಸಂಕೋಚವಲ್ಲ, ವಿವೇಕ. ಬಿಟ್ಟುಬಂದ ಕವಚದ ಸುಣ್ಣದ ಅಂಶವನ್ನು ತಿಂದು ಮುಗಿಸುವುದು ಅವುಗಳ ಮನೆವಾರ್ತೆ. ಇನ್ನೊಂದು ಸ್ವಾರಸ್ಯ: ಸಿಗಡಿಯ ಚಿಕ್ಕ ಮೀಸೆಯ ಬುಡದಲ್ಲಿ ಸಮತೋಲಕ್ಕೆಂದು ಒಂದು ಪುಟ್ಟ ಚೀಲವಿರುತ್ತದೆ. ಒಳಗಿನ ಮರಳಿನ ಕಣ ಯಾವ ಕಡೆ ವಾಲಿತು ಎಂಬುದರಿಂದ ಅದಕ್ಕೆ ಮೇಲು ಕೆಳಗು ತಿಳಿಯುತ್ತದೆ. ಕವಚ ಕಳಚುವಾಗ ಆ ಕಣವೂ ಹೋಗುತ್ತದೆ, ಹೊಸದನ್ನು ಹೆಕ್ಕಿ ಹಾಕಿಕೊಳ್ಳಬೇಕು. 1893ರಲ್ಲಿ ವಿಯೆನ್ನಾದ ಅಲೋಯಿಸ್ ಕ್ರೈಡ್ಲ್ ಎಂಬ ಶರೀರವಿಜ್ಞಾನಿ ಕವಚ ಕಳಚಿದ ಸಿಗಡಿಗಳಿಗೆ ಮರಳಿನ ಬದಲು ಕಬ್ಬಿಣದ ಪುಡಿ ಒದಗಿಸಿದ. ಅವು ಅದನ್ನೇ ತುಂಬಿಕೊಂಡವು. ಆತ ಮೇಲಿನಿಂದ ಅಯಸ್ಕಾಂತ ಹಿಡಿದ. ಸಿಗಡಿಗಳು ಅದೇ ಕೆಳಗೆ ಎಂದು ತಿಳಿದು ಅಂಗಾತ ಮಗುಚಿಕೊಂಡವು. ಇದನ್ನು ಊಟದ ಹೊತ್ತಿಗೆ ಹೇಳಿದೆ. ಮರುದಿನ ಫ್ರಿಜ್ಜಿನ ಬಾಗಿಲಿನ ಮೇಲಿದ್ದ ಮೈಸೂರು ಅರಮನೆಯ ಮ್ಯಾಗ್ನೆಟ್ ಕಾಣಲಿಲ್ಲ. ಹೆಂಡತಿ ಎಲ್ಲಿ ಬಚ್ಚಿಟ್ಟಿದ್ದಾಳೆಂದು ಇವತ್ತಿಗೂ ಹೇಳಿಲ್ಲ.

2014ರಲ್ಲಿ ಫ್ರಾನ್ಸಿನ ಬೋರ್ಡೊ ನಗರದ ವಿಜ್ಞಾನಿಗಳು ಕ್ರೇಫಿಶ್‌ಗಳನ್ನು ಸಣ್ಣ ವಿದ್ಯುತ್ ತಗುಲಿಸಿ ಗಾಬರಿಪಡಿಸಿ, ಅರ್ಧ ಕತ್ತಲೆ ಅರ್ಧ ಬೆಳಕಿನ ಓಣಿಗಳಲ್ಲಿ ಬಿಟ್ಟರು. ಗಾಬರಿಯಾದವು ಬೆಳಕಿನ ಓಣಿಗೆ ಹೋಗಲು ಹಿಂಜರಿದವು. ಮನುಷ್ಯರಿಗೆ ಆತಂಕಕ್ಕೆ ಕೊಡುವ ಔಷಧಿಯನ್ನೇ ಅವಕ್ಕೂ ಕೊಟ್ಟಾಗ ಆರಾಮಾಗಿ ಓಡಾಡಿದವು. ಹೀಗಿರುವಾಗ ಒಂದು ಚಿಟಿಕೆ ಗುಳಿಗೆ ಟ್ಯಾಂಕಿಗೆ ಹಾಕಿದರೆ ಹೇಗೆ ಎಂದೆ. "ಮೊದಲು ನೀವು ತೆಗೊಳ್ಳಿ ಮಾರಾಯ್ರೆ" ಎಂದಳು ಹೆಂಡತಿ, "ನೀವು ಆರಾಮಾದ್ರೆ ಅವು ತಾವಾಗಿಯೇ ಆರಾಮಾಗ್ತವೆ."

ನೀರಿನ ವಿಷಯ ಬರೆದರೆ ಇನ್ನೊಂದು ಲೇಖನವಾಗುತ್ತದೆ. ಬೋರ್‌ವೆಲ್ ನೀರು ತೊಗರಿಬೇಳೆ ಬೇಯದಷ್ಟು ಗಡಸು, ಆರ್‌ಓ ನೀರಿನಲ್ಲಿ ಕವಚ ಕಟ್ಟಲು ಸುಣ್ಣವೇ ಇಲ್ಲ, ಎರಡನ್ನೂ ಬೆರೆಸಬೇಕು. ಬೆರಕೆ ಅಳೆಯಲು ಟಿಡಿಎಸ್ ಮೀಟರ್ ತಂದೆ. ಅಳೆಯುವ ಚಟ ಹಿಡಿದವನು ಒಂದರಲ್ಲಿ ನಿಲ್ಲುವುದಿಲ್ಲ. ಮೀಟರ್ ಸಾರಿನ ಪಾತ್ರೆಯಲ್ಲಿ ಇದ್ದಾಗ ಅತ್ತೆ ನೋಡಿಬಿಟ್ಟರು. ಅಂದು ಅವರು ಊರಿಗೆ ಟಿಕೆಟ್ ಮಾಡಿಸಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೆಂಡತಿ ಹೇಳುತ್ತಾಳೆ, ಆದರೆ ಒತ್ತಿ ಹೇಳುವುದಿಲ್ಲ. ಇನ್ನು ಬೇಸಿಗೆ. 2016ರ ಮೇ ತಿಂಗಳಲ್ಲಿ 48 ಡಿಗ್ರಿ ಕಂಡ ಊರು ಇದು. ಸಿಗಡಿಗೆ 30 ದಾಟಿದರೆ ಕಷ್ಟ, ಬಿಸಿ ನೀರಿನಲ್ಲಿ ಪ್ರಾಣವಾಯು ಕಡಿಮೆ. ನೀರಿನ ಮೇಲೆ ಗಾಳಿ ಬೀಸಿದರೆ ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಒಣ ಹವೆಯ ಅಹಮದಾಬಾದಿನಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಹಾಗಾಗಿ ಮನೆಯ ಟೇಬಲ್ ಫ್ಯಾನ್ ಎಪ್ರಿಲಿನಿಂದ ಜೂನ್ ತನಕ ಟ್ಯಾಂಕಿನ ಕಡೆ ಮುಖ ಮಾಡಿರುತ್ತದೆ. ಅದರ ಹಿಂಬದಿಗೆ ಕೂತು ನಾನು ಪೇಪರ್ ಓದುತ್ತೇನೆ.

ನಾನು ಬ್ಯಾಂಕಿನ ಆಡಿಟ್ ಕೆಲಸದವನು. ತಿಂಗಳಿಗೊಮ್ಮೆಯಾದರೂ ವಡೋದರಾ ಅಥವಾ ಸೂರತ್ ಶಾಖೆಗೆ ಹೋಗಬೇಕು. ನಾನು ಒಳಗೆ ಕಾಲಿಟ್ಟೊಡನೆ ಮ್ಯಾನೇಜರಿಗೆ ತುರ್ತು ಮೀಟಿಂಗು, ಕ್ಯಾಷಿಯರಿಗೆ ಹಲ್ಲುನೋವು, ಕಡತ ಇಟ್ಟ ಬೀರುವಿನ ಬೀಗದಕೈ ರಜೆಯಲ್ಲಿರುವವನ ಜೇಬಿನಲ್ಲಿ. ಇದನ್ನು ಯಾಕೆ ಹೇಳಿದೆನೋ, ಇರಲಿ.

ವಡೋದರಾದಲ್ಲಿ ಮಧ್ಯಾಹ್ನ ಊಟ ಮುಗಿಸಿ ವಿಶ್ವಾಮಿತ್ರಿ ನದಿಯ ಸೇತುವೆಯ ಮೇಲೆ ನಿಂತಿದ್ದೆ. ಊರಿನ ನಡುವೆ ಹರಿಯುವ ಈ ನದಿಯಲ್ಲಿ 2025ರ ಗಣತಿಯಂತೆ 400ಕ್ಕೂ ಹೆಚ್ಚು ಮೊಸಳೆಗಳಿವೆ. ಕೆಳಗಿನ ಕೆಸರಿನ ಮೇಲೆ ಒಂದು, ಬಾಯಿ ತೆರೆದು, ಬಿಸಿಲಿಗೆ ಮಲಗಿತ್ತು. ಪಕ್ಕದಲ್ಲಿ ಲಾರಿ ಹಾರ್ನ್, ಮೇಲೆ ನಾಲ್ಕು ಜನ ಹುಡುಗರ ಕೂಗಾಟ. ಅದು ಕಣ್ಣೂ ಪಿಳುಕಿಸಲಿಲ್ಲ. 2024ರ ಆಗಸ್ಟಿನ ನೆರೆಯಲ್ಲಿ ಇವೇ ಮೊಸಳೆಗಳು ಬಡಾವಣೆಗಳಿಗೆ ಬಂದವು, ಒಂದಂತೂ ಮನೆಯ ಮಾಡಿನ ಮೇಲೆ ಹತ್ತಿ ಕೂತಿತ್ತು. ಕರೆಯದೇ ಮನೆಗೆ ಬರುವ ಪ್ರಾಣಿಗಳ ಊರಿನಲ್ಲಿ ನಿಂತು ನನ್ನ ಮನೆಯ ಪ್ರಾಣಿಗಳನ್ನು ನೆನೆದು ನಿಟ್ಟುಸಿರು ಬಿಟ್ಟೆ. ಆಗ ಫೋನ್ ಸದ್ದಾಯಿತು. ಹೆಂಡತಿ ವೀಡಿಯೋ ಕಳಿಸಿದ್ದಳು. ಹತ್ತೂ ಸಿಗಡಿ ಮುಂದಿನ ಗಾಜಿನ ಮೇಲೆ. ಒಂದು ತಲೆಕೆಳಗಾಗಿ ನೇತಾಡುತ್ತ ಪಾಚಿ ಹೆಕ್ಕುತ್ತಿತ್ತು. ಕೆಳಗೆ ಒಂದು ಸಾಲು: "ನಿಮ್ಮ ರೈಲು ಹೊರಟ ಮೇಲೆ ಬಂದವು."

ಕಾಕತಾಳೀಯ ಎಂದು ಬಿಟ್ಟೆ. ಸೂರತ್ತಿಗೆ ಹೋದಾಗಲೂ ಹೀಗೇ ಆಯಿತು.

ಸೂರತ್ತಿನಲ್ಲಿ ಓಲ್ಪಾಡ್ ಕಡೆಯ ಒಂದು ಸಿಗಡಿ ಕೆರೆಯ ಸಾಲದ ಪರಿಶೀಲನೆ ಇತ್ತು. ಈ ಕಡೆಯ ಉಪ್ಪುನೀರಿನ ಕರಾವಳಿಯಲ್ಲಿ ವನಾಮಿ ಸಾಕುತ್ತಾರೆ. ಅಮೆರಿಕದ ಪೆಸಿಫಿಕ್ ತೀರದ ಸಿಗಡಿ, ನಮ್ಮ ದೇಶದಲ್ಲಿ ಸಾಕಲು ಪರವಾನಗಿ ಸಿಕ್ಕಿದ್ದು 2009ರಲ್ಲಿ. ಕೆರೆಯ ನೀರು ಹಸಿರುಗಂದು, ಚಕ್ರಗಳು ತಿರುಗಿ ನೊರೆ ಏಳುತ್ತಿತ್ತು. ಸಾಲಕ್ಕೆ ಆಧಾರವಾದ ಸಿಗಡಿಗಳನ್ನು ತೋರಿಸಿ ಎಂದೆ. "ನೀರಿನೊಳಗಿವೆ ಸಾಹೇಬ್" ಎಂದರು ಮಾಲೀಕರು. "ಕಾಣುವುದಿಲ್ಲವಲ್ಲ." "ಕಾಣುವುದಿಲ್ಲ. ಇವೆ." ನಾನು ನೋಡಿದ ನೋಟ ನನಗೆ ಪರಿಚಯದ್ದಾಗಿತ್ತು; ಪಾಲ್ಡಿಯ ಸೆಕ್ರೆಟರಿಯದ್ದು. ಆಮೇಲೆ ಕೆಲಸದ ಹುಡುಗ ಹಗ್ಗ ಎಳೆದು ಚೆಕ್ ಟ್ರೇ ಮೇಲೆತ್ತಿದ. ಬಲೆ ಕಟ್ಟಿದ ತಟ್ಟೆಯಲ್ಲಿ ಆಹಾರ ಹಾಕಿ ಮುಳುಗಿಸಿಟ್ಟು, ಒಂದೆರಡು ಗಂಟೆ ಬಿಟ್ಟು ಎತ್ತಿ ನೋಡುತ್ತಾರೆ: ಎಷ್ಟು ತಿಂದಿವೆ, ಮೈ ಹೇಗಿದೆ, ಕವಚ ಮೆತ್ತಗಿದೆಯೇ. ಎಕರೆಗಟ್ಟಲೆ ಕೆರೆಯ ಆರೋಗ್ಯ ಆ ಒಂದು ತಟ್ಟೆಯಿಂದ ತಿಳಿಯಬೇಕು. ತಟ್ಟೆಯ ಮೇಲೆ ಐದಾರು ಸಿಗಡಿ ಚಿಮ್ಮಿದವು. ಮಾಲೀಕರಿಗೆ ನಾನೂ ಸಾಕುತ್ತೇನೆ ಎಂದು ಬಾಯಿ ತಪ್ಪಿ ಹೇಳಿದೆ. ಅವರಿಗೆ ಬಹಳ ಗೌರವ ಬಂತು. "ಎಷ್ಟು ಎಕರೆ?" "ಒಂದೂವರೆ ಅಡಿ." "ಕೌಂಟ್ ಎಷ್ಟು?" ಒಂದು ಕಿಲೋಗೆ ಎಷ್ಟು ಸಿಗಡಿ ತೂಗುತ್ತವೆ ಎಂಬುದು ಈ ವ್ಯಾಪಾರದ ಕೌಂಟ್, ನಲವತ್ತು, ಐವತ್ತು ಎಂದು ಹೇಳುತ್ತಾರೆ. ನನ್ನವು ಸಾವಿರಗಟ್ಟಲೆ ಬೇಕು ಎಂದೆ. ಅವರು ಹುಡುಗನಿಗೆ ಗುಜರಾತಿಯಲ್ಲಿ ಏನೋ ಹೇಳಿದರು, ಅವನು ನೀರು ತಂದುಕೊಟ್ಟು ನನ್ನನ್ನು ನೆರಳಿಗೆ ಕೂರಿಸಿದ. ರಾತ್ರಿ ಅವರ ಮನೆಯಲ್ಲೇ ಊಟ. ಬಾಳೆಯೆಲೆಯಲ್ಲಿ ಏನಿತ್ತು, ನಾನು ತಿಂದೆನೋ ಇಲ್ಲವೋ ಎಂಬುದು ಈ ಲೇಖನದ ವಿಷಯವಲ್ಲ. ಪಾಲ್ಡಿಯಲ್ಲೂ ಕನ್ನಡ ಓದುವವರಿದ್ದಾರೆ.

ಊಟದ ನಡುವೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಸೆಕ್ರೆಟರಿಯ ಸಂದೇಶ ಬಂತು: "ಝೀಂಗಾ ಜೋಯಾ. ಜೀವತಾ ಛೆ." ನೋಡಿದೆ, ಬದುಕಿವೆ. ನಾನು ಊರಲ್ಲಿಲ್ಲದ ಹೊತ್ತು ನೋಡಿ ಹೆಂಡತಿ ಅವರನ್ನು ಕರೆದು, ಕುರ್ಚಿ ಹಾಕಿ, ಚಹಾ ಕೊಟ್ಟು, ಹತ್ತನ್ನೂ ಎಣಿಸಿ ತೋರಿಸಿದ್ದಳು. ನನ್ನ ನಿರಪರಾಧಿತ್ವ ನನ್ನ ಗೈರುಹಾಜರಿಯಲ್ಲಿ ಸಾಬೀತಾಯಿತು. ಆ ವರ್ಷದ ಸಂವತ್ಸರಿಯ ದಿನ ಸೆಕ್ರೆಟರಿ ನನಗೆ ಕೈಮುಗಿದು "ಮಿಚ್ಛಾಮಿ ದುಕ್ಕಡಂ" ಎಂದರು. ಅಂದು ಜೈನರು ಎಲ್ಲರಿಗೂ ಹೀಗೆಯೇ ಕ್ಷಮೆ ಕೇಳುತ್ತಾರೆ, ವಾಚ್‌ಮನ್‌ಗೂ ಕೇಳಿದರು. ನಾನು ಅದನ್ನು ಸಿಗಡಿ ಪ್ರಕರಣಕ್ಕೇ ಜಮಾ ಮಾಡಿಕೊಂಡಿದ್ದೇನೆ.

ಆಮೇಲೆ ಒಂದು ಹೆಣ್ಣಿನ ಹೊಟ್ಟೆಯಡಿ ಹಳದಿ ಮೊಟ್ಟೆಗಳ ಗೊಂಚಲು ಕಂಡಿತು (ಹೆಂಡತಿಗೆ). ಇಪ್ಪತ್ತು ಮೂವತ್ತು ಮೊಟ್ಟೆಗಳನ್ನು ಈಜುಕಾಲುಗಳಿಂದ ಬೀಸುತ್ತ ತಿಂಗಳ ಹತ್ತಿರ ಹೊತ್ತು ತಿರುಗುತ್ತದೆ. ಹೊರಬರುವ ಮರಿ ಅಕ್ಕಿಯ ಕಾಳಿಗಿಂತ ಚಿಕ್ಕದು, ಆದರೆ ಅಡಗುವುದರಲ್ಲಿ ಆಗಲೇ ಪರಿಣತ. ಮಳೆಗಾಲ ಕಳೆದು ಮತ್ತೊಂದು ಮಳೆಗಾಲ ಬರುವಷ್ಟರಲ್ಲಿ ಎಣಿಸುವುದನ್ನು ಬಿಟ್ಟೆವು. ಯಾರಿಗಾದರೂ ಕೊಡಬೇಕಿತ್ತು.

ಮೇಲಿನ ಮನೆಯ ಮೊಮ್ಮಗ ಬೇಕೆಂದು ಹಟ ಹಿಡಿದ. ಅವನ ದಾದಾ ಒಪ್ಪಲಿಲ್ಲ. ಜೀವವನ್ನು ಕೂಡಿಹಾಕುವುದು ಅಹಿಂಸಾವ್ರತಕ್ಕೆ ಭಂಗ, ಅವರ ಶಾಸ್ತ್ರದಲ್ಲಿ ಸ್ಪಷ್ಟವಾಗಿದೆ ಎಂದರು. ಹುಡುಗ ಅತ್ತ. ದಾದಾ ನಮ್ಮ ಮನೆಗೆ ಬಂದು ಟ್ಯಾಂಕ್ ನೋಡಿದರು, ನನ್ನನ್ನು ನೋಡಿದರು. ಹಿಂದಿನ ವರ್ಷ ಮೆಟ್ಟಿಲಿನ ತನಕ ಬಂದಿದ್ದ ಮಸಾಲೆಯ ಪರಿಮಳ ಅವರಿಗೂ ನೆನಪಿತ್ತು. ಇಲ್ಲಿಂದ ಬಿಡಿಸಿಕೊಂಡು ಹೋಗುವುದು ಕೂಡಿಹಾಕುವುದಲ್ಲ, ಅಭಯದಾನ. ದಾನಗಳಲ್ಲಿ ಅದೇ ಶ್ರೇಷ್ಠ ಎಂದು ತೀರ್ಮಾನಿಸಿ ಇಪ್ಪತ್ತನ್ನು ಒಯ್ದರು.

ವಾರ ಕಳೆಯಲಿಲ್ಲ, ಆ ಇಪ್ಪತ್ತೂ ಹಗಲು ಹೊತ್ತೇ ಮುಂದಿನ ಗಾಜಿನ ಮೇಲೆ ಬಂದು ನಿಂತವು ಎಂದು ಹುಡುಗ ಹೇಳಿದ. ನಂಬದೆ ಹೋಗಿ ಬಾಗಿಲ ಸಂದಿಯಿಂದ ನೋಡಿದೆ. ದಾದಾ ಬಿಳಿ ಬಟ್ಟೆಯಲ್ಲಿ, ಕಟಾಸಣೆ ಎಂಬ ಆಸನದ ಮೇಲೆ, ಟ್ಯಾಂಕಿನ ಎದುರು ಸಾಮಾಯಿಕಕ್ಕೆ ಕೂತಿದ್ದರು. ಸಾಮಾಯಿಕ ಎಂದರೆ 48 ನಿಮಿಷದ ಧ್ಯಾನವ್ರತ. ಪಕ್ಕದಲ್ಲಿ ಮರಳಿನ ಗಡಿಯಾರ. ಅಷ್ಟು ಹೊತ್ತೂ ಕೈಯಿಲ್ಲ, ಮಾತಿಲ್ಲ, ನೆರಳು ಕದಲುವುದಿಲ್ಲ. ಸಿಗಡಿಯ ಕಣ್ಣಿಗೆ ಅವರು ಪೀಠೋಪಕರಣ. ನಾನು ಮಂಡಿ ನೋವಿನಿಂದಾಗಿ ಈ ವಿದ್ಯೆಯನ್ನು ಕಲಿಯಲಾರೆ ಎಂದು ಹೆಂಡತಿಗೆ ಮೊದಲೇ ತಿಳಿಸಿಬಿಟ್ಟೆ.

ಜೈನರ ಪರ್ಯುಷಣ ಪರ್ವಕ್ಕೆ ಎರಡು ದಿನ ಇರುವಾಗ ದಾದಾ ತಾವೇ ಕೆಳಗೆ ಬಂದರು. ಮುಖ ಗಂಭೀರ. ಕೂತರು, ಎದ್ದರು, ಬಾಗಿಲು ಹಾಕಿ ಬಂದು ಮತ್ತೆ ಕೂತರು. "ಭಾಯ್, ನಿಮ್ಮ ಝೀಂಗಾ ಮರ್ಯಾದಸ್ಥ. ನಮ್ಮವಕ್ಕೆ ಲಜ್ಜೆಯೇ ಇಲ್ಲ." ವಿಷಯ ಇಷ್ಟು: ಪ್ರೌಢ ಹೆಣ್ಣು ಸಿಗಡಿ ಕವಚ ಕಳಚಿದಾಗ ನೀರಿಗೆ ಒಂದು ಸೂಚನೆಯನ್ನು ಬಿಡುತ್ತದೆ, ಅದು ಸಿಕ್ಕೊಡನೆ ಗಂಡುಗಳೆಲ್ಲ ಹುಚ್ಚೆದ್ದು ಟ್ಯಾಂಕಿನ ಉದ್ದಗಲ ಈಜಿ ಹುಡುಕುತ್ತವೆ. ಅವಿತ ಹೆಣ್ಣು ಸಿಕ್ಕುವ ತನಕ ನಿಲ್ಲುವುದಿಲ್ಲ. ಇದು ಸರಿಯಾಗಿ ಸಾಮಾಯಿಕದ ಹೊತ್ತಿಗೆ, ದಾದಾ ಅವರ ಮೂಗಿನ ನೇರಕ್ಕೆ, ಮುಂದಿನ ಗಾಜಿನ ಮೇಲೆ. "ಎಂಟು ದಿನ ತಪಸ್ಸಿನ ದಿನಗಳು. ಚಿತ್ತ ನಿಲ್ಲುವುದಿಲ್ಲ. ನಿಮ್ಮ ಹತ್ತಿರ ಏನೋ ಉಪಾಯ ಇದೆ ಎಂದು ನಿಮ್ಮ ಶ್ರೀಮತಿಯವರು ಹೇಳಿದರು."

ಅವಳು ಬಾಗಿಲ ಮರೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಉಪಾಯ ಇದೆ ಎಂದೆ. ಪರ್ಯುಷಣ ಮುಗಿಯುವ ತನಕ ದಿನಾ ಬೆಳಿಗ್ಗೆ ಅವರ ಸಾಮಾಯಿಕಕ್ಕೆ ಐದು ನಿಮಿಷ ಮುಂಚೆ ನಾನು ಮೇಲಕ್ಕೆ ಹೋಗಬೇಕು, ಟ್ಯಾಂಕಿನ ಮುಂದೆ ನಿಂತು ಯಾವುದಾದರೂ ವಿಷಯದ ಮೇಲೆ ಮಾತಾಡಬೇಕು. ನಿನ್ನೆ ಟಿಡಿಎಸ್ ಬಗ್ಗೆ ಮಾತಾಡಿದೆ. ಇಪ್ಪತ್ತೂ ಕಲ್ಲಿನ ಹಿಂದಕ್ಕೆ ಹೋದವು, ದಾದಾ ತೃಪ್ತಿಯಿಂದ ಮರಳಿನ ಗಡಿಯಾರ ಮಗುಚಿದರು. ನಾಳೆ ವಿಯೆನ್ನಾದ ಅಯಸ್ಕಾಂತದ ಕಥೆ ಇಟ್ಟುಕೊಂಡಿದ್ದೇನೆ. ಸೂರ್ಯ ಹುಟ್ಟಿ 48 ನಿಮಿಷ ಏನನ್ನೂ ಮುಟ್ಟದ ನವಕಾರಸಿ ವ್ರತ ಮುಗಿದ ಮೇಲೆ ಉಪವಾಸವಿಲ್ಲದವರಿಗೆ ಅಲ್ಲಿ ಚಹಾ, ಖಾಖ್ರಾ ಕೊಡುತ್ತಾರೆ. ಆಡಿಟ್‌ಗೆ ಹೋದ ಯಾವ ಶಾಖೆಯಲ್ಲೂ ನನಗೆ ಇಷ್ಟು ಬಿಸಿಯಾದ ಚಹಾ ಸಿಕ್ಕಿಲ್ಲ.